ಗಾಳದ ಕೋಲಿನ ಬುಡ

ಪಾರ್ಶ್ವವಾಯು ಹೊಡೆದವರನ್ನು ಮೊದಲ ಸಲ ಕಂಡಾಗ ನಾನು ಕೇಳುವುದು ಒಂದೇ ಪ್ರಶ್ನೆ: "ಮತ್ತೆ ಏನು ಮಾಡ್ಬೇಕು ಅಂತ ಆಸೆ ನಿಮಗೆ?" ಬರುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. ಅಂಗಿಯ ಗುಂಡಿ ಹಾಕಿಕೊಳ್ಳಬೇಕು, ತಾವೇ ಕಲಸಿಕೊಂಡು ಉಣ್ಣಬೇಕು, ಸಹಿ ಹಾಕಬೇಕು, ಸ್ಕೂಟರ್ ಓಡಿಸಬೇಕು. ಮಂಡಿ ಮೊಹಲ್ಲಾದ ಹಗ್ಗ ಮತ್ತು ಗೋಣಿಚೀಲದ ಸಗಟು ಅಂಗಡಿಯ ಯಜಮಾನರು ಮಾತ್ರ ಬಾಯಿ ತೆರೆಯಲಿಲ್ಲ. ಎಡಗೈಯಿಂದ ನನ್ನ ಪೆನ್ನು ಕಿತ್ತುಕೊಂಡು, ಮೇಜಿನ ಮೇಲಿದ್ದ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಓರೆಯಾಗಿ ಒಂದು ಉದ್ದ ಗೆರೆ ಎಳೆದರು. ಅದರ ತುದಿಯಿಂದ ಇನ್ನೊಂದು ಗೆರೆ ನೇರ ಕೆಳಕ್ಕೆ ಇಳಿಯಿತು. ಕೊನೆಯಲ್ಲಿ ಒಂದು ಕೊಕ್ಕೆ.

"ಗಾಳ," ಎಂದರು ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ. "ಕೈ ಬಿದ್ದೋಗಿದೆ, ಮಾತು ಬಿದ್ದೋಗಿದೆ, ಇವ್ರಿಗೆ ಬೇಕಾಗಿರೋದು ಗಾಳ ಕಣಮ್ಮ!"

ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ಅದು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿದ ಮೇಲೆಯೇ ಕಾಫಿ. ಅಂಗಡಿಗೆ ಬಲೆಯ ದಾರ ಕೊಳ್ಳಲು ಬರುತ್ತಿದ್ದ ಮೀನುಗಾರರೊಬ್ಬರ ಸ್ನೇಹವಾಗಿ, ಅವರ ದೋಣಿ ಹತ್ತಿ, ಯಜಮಾನರಿಗೆ ಪ್ರಾಯದಲ್ಲೇ ಈ ಹುಚ್ಚು ಅಂಟಿಕೊಂಡಿತ್ತು. ಹಿಡಿದ ಮೀನನ್ನು ಅವರು ಎಂದೂ ಮನೆಗೆ ತಂದವರಲ್ಲ. ಮೀನಿಗೆ ಗಾಯವಾಗದಿರಲೆಂದು ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡು, ರಾಗಿ ಮುದ್ದೆಯ ಸಣ್ಣ ಉಂಡೆ ಸಿಕ್ಕಿಸಿ, ಸಿಕ್ಕ ಮೀನನ್ನು ಒಂದು ಗಳಿಗೆ ಕಣ್ತುಂಬ ನೋಡಿ ನೀರಿಗೇ ಬಿಟ್ಟುಬಿಡುತ್ತಿದ್ದರು. ಆ ಮುದ್ದೆಯನ್ನು ಕಟ್ಟಿಕೊಡುತ್ತಿದ್ದವರು ಅಮ್ಮನೇ. ಯಜಮಾನರ ಹೆಂಡತಿಯನ್ನು ನಾನು ಕರೆಯುತ್ತಿದ್ದದ್ದು ಹಾಗೆ.

"ಹಿಡಿಯೋದ್ಯಾಕೆ, ಬುಡೋದ್ಯಾಕೆ ಅಂತ ಮದ್ವೆ ಆದಾಗಿಂದ ಕೇಳ್ತಿದ್ದೆ," ಎಂದರು ಅಮ್ಮ. "ಇವ್ರು ಹಿಂಗಾದ್ಮೇಲೆ ಕೇಳೋದೂ ಬುಟ್ಬುಟ್ಟೆ."

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲೂ, ಗೋಕುಲಂನ ನಮ್ಮ ಚಿಕಿತ್ಸಾ ಕೇಂದ್ರದಲ್ಲೂ ಎಲ್ಲರ ಬಾಯಲ್ಲಿ ನಾನು "ಫಿಜಿಯೋ ಮೇಡಂ". ತಿದ್ದಿ ತಿದ್ದಿ ಸಾಕಾಗಿದೆ. ಗೋಕುಲಂ ಎಂದ ಮೇಲೆ ಯೋಗ ಕಲಿಯಲು ಬಂದು, ತಲೆಕೆಳಗಾಗಿ ನಿಂತು ಕುತ್ತಿಗೆ ನೋಯಿಸಿಕೊಂಡ ಪರದೇಶದವರು ಬಂದೇ ಬರುತ್ತಾರೆ, ಅವರನ್ನು ಫಿಜಿಯೋಥೆರಪಿಸ್ಟ್ ನೋಡುತ್ತಾರೆ. ನನ್ನದು ಬೇರೆ ಕೆಲಸ. ಉಳಿದಿರುವ ಶಕ್ತಿಯಲ್ಲಿ ಮನುಷ್ಯ ತನ್ನ ದಿನವನ್ನು ಮತ್ತೆ ತಾನೇ ನಡೆಸುವ ಹಾಗೆ ಮಾಡುವುದು. ಚಮಚದ ಹಿಡಿ ದಪ್ಪ ಮಾಡಿಸುತ್ತೇನೆ, ಬಚ್ಚಲಿಗೆ ಕಂಬಿ ಹಾಕಿಸುತ್ತೇನೆ. ಗಾಳದ ಕೋಲಿಗೆ ಕೈಹಾಕಿದ್ದು ಅದೇ ಮೊದಲು.

ಯಜಮಾನರ ಬಲಭಾಗ ಬಿದ್ದಿತ್ತು. ಕೋಲೂರಿ ನಡೆಯುವ ಮಟ್ಟಿಗೆ ಕಾಲು ಬಂದಿತ್ತು. ಬಲ ಭುಜ ಮತ್ತು ಮೊಣಕೈಯಲ್ಲಿ ಸ್ವಲ್ಪ ಜೀವವಿತ್ತು, ಆದರೆ ಬೆರಳುಗಳು ಸದಾ ಮುಷ್ಟಿ. ಈ ಕಾಯಿಲೆಯಲ್ಲಿ ಮಡಚುವುದು ಬೇಗ ಬರುತ್ತದೆ, ಬಿಚ್ಚುವುದು ಬರುವುದಿಲ್ಲ. ಶ್ರಮಪಟ್ಟಷ್ಟೂ ಮುಷ್ಟಿ ಬಿಗಿಯುತ್ತದೆ. ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದರೆ ಬೆರಳುಗಳು ತಾವಾಗಿ ಸಡಿಲವಾಗುತ್ತವೆ, ಇದನ್ನು ಎಡಗೈಯಿಂದ ನೀವೇ ಮಾಡಿಕೊಳ್ಳಿ ಎಂದು ಪ್ರತಿ ಸಲ ಹೇಳಿಕೊಡುತ್ತಿದ್ದೆ. ಅವರು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ಆ ಕೈಯನ್ನು ನೋಡುವುದೇ ಅವರಿಗೆ ಬೇಡವಾಗಿತ್ತು.

ಮಾತಿನದು ಇನ್ನೂ ಕಷ್ಟ. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಲೆ ಮೊದಲಿನಷ್ಟೇ ಚುರುಕು. ಆದರೆ ನಾಲಿಗೆಗೆ ಒಂದೊಂದೇ ಪದ ಬರುತ್ತಿತ್ತು, ಅದರ ಬಾಲವೂ ಉದುರಿಹೋಗುತ್ತಿತ್ತು. ಸಾಕು ಎಂಬುದು "ಸಾಕ", ನೀರು ಎಂಬುದು "ನೀರ". ಅಕ್ಷರವೂ ಮಾತಿನ ಜೊತೆಗೇ ಹೋಗಿತ್ತು, ಚಿತ್ರ ಬಿಡಿಸುತ್ತಿದ್ದರೇ ಹೊರತು ಬರೆಯಲಾಗುತ್ತಿರಲಿಲ್ಲ. ಆ ಉದುರಿದ ಬಾಲವನ್ನು ಮನಸ್ಸಿನಲ್ಲೇ ಅಂಟಿಸಿಕೊಂಡು ಕೇಳುವುದು ನನಗೆ ಅಭ್ಯಾಸವಾಗಿತ್ತು. ಅದರಲ್ಲಿ ನಾನು ಗಟ್ಟಿಗಿತ್ತಿ ಎಂಬ ಜಂಬವೂ ಇತ್ತು.

ಅಮ್ಮನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ನೀರಿಗೆ ಬಿದ್ರೆ ಯಾರು ಜವಾಬ್ದಾರಿ? ನೀವಾ?" ಎಂದು ನೇರವಾಗಿ ಕೇಳಿದರು. ನಾನೂ ಜೊತೆಗೆ ದೋಣಿಯಲ್ಲಿ ಕೂರುತ್ತೇನೆ ಎಂದೆ. ಕೊನೆಗೆ ಒಂದು ಷರತ್ತು ಹಾಕಿದರು. "ನೋಡಿ, ಪ್ರಯತ್ನ ಮಾಡಿ. ಆಗ್ಲಿಲ್ಲ ಅಂದ್ರೆ ಆ ಕೋಲುಗಳನ್ನೆಲ್ಲ ದೋಣಿಯವ್ರಿಗೇ ಕೊಟ್ಬುಡ್ತೀನಿ. ಅವು ಗೋಡೆ ಮೇಲೆ ನೇತಾಡ್ಕೊಂಡು, ಇವ್ರು ಕೆಳಗೆ ಕೂತು ನೋಡ್ಕೊಂಡು ಕೊರಗೋದು... ನನ್ನ ಕೈಲಿ ನೋಡಕ್ಕಾಗಲ್ಲ."

ಯಜಮಾನರು ಗೋಡೆಯ ಕಡೆ ನೋಡಿದರು. ಅಲ್ಲಿ ಮೊಳೆಗಳ ಮೇಲೆ ಐದಾರು ಗಾಳದ ರಾಡುಗಳು ಸಾಲಾಗಿ ಮಲಗಿದ್ದವು. ಎಲ್ಲದರ ಮೇಲೂ ಧೂಳು ಕೂತಿತ್ತು. ಆ ನೋಟ ನೋಡಿದ ಮೇಲೆ ಇದು ಆಗಲೇಬೇಕು ಎಂಬ ಹಟ ನನಗೂ ಬಂತು.

ಒಂದೇ ಕೈಯವರಿಗೆ ಗಾಳದ ಕೋಲು ಹಿಡಿಯಲು ಬೇಕಾದದ್ದು ರಾಡ್ ಹೋಲ್ಡರ್. ದೋಣಿಗೆ ಬಿಗಿಯುವ ಒಂದು ಹಿಡಿಕೆ, ರಾಡನ್ನು ಅದರಲ್ಲಿ ಊರಿ ನಿಲ್ಲಿಸಿದರೆ ಕೈಗೆ ಬಿಡುವು. ಇಷ್ಟು ಸರಳ ಎಂದುಕೊಂಡು ಮೊಬೈಲಿನಲ್ಲಿ ಹುಡುಕಿದರೆ ಅದರಲ್ಲೂ ನೂರು ಬಗೆ. ದೋಣಿಯ ಅಂಚಿನಲ್ಲಿ ತೂತು ಕೊರೆದು ಹುದುಗಿಸುವುದು, ಅಂಚಿಗೆ ಕ್ಲ್ಯಾಂಪಿನಿಂದ ಕಚ್ಚಿಸುವುದು, ಕೊಳವೆಯಂಥದು, ಮೇಲ್ಭಾಗ ತೆರೆದ ತೊಟ್ಟಿಲಿನಂಥದು. ಬೇರೆಯವರ ದೋಣಿಗೆ ತೂತು ಕೊರೆಯುವ ಧೈರ್ಯ ಸಾಲದೆ ಮೊದಲು ಕ್ಲ್ಯಾಂಪಿನ ಕೊಳವೆ ತರಿಸಿದೆ.

ಅದನ್ನು ನಮ್ಮ ಕೇಂದ್ರದ ಮೇಜಿನ ಅಂಚಿಗೆ ಕಚ್ಚಿಸಿ, ರಾಡು ಇಳಿಸಿ, ದಾರದ ತುದಿಗೆ ಮರಳಿನ ಚೀಲ ಕಟ್ಟಿ ಮೇಜಿನಾಚೆ ತೂಗಿಬಿಟ್ಟೆ. ಮೀನಿನ ಬದಲು ಮರಳು. ಈಗ ಎತ್ತಿ ಎಂದೆ. ಯಜಮಾನರು ಎಡಗೈಯಲ್ಲಿ ಎತ್ತಿದರು, ರಾಡು ಅಲುಗಾಡಲಿಲ್ಲ. ತುದಿಯಲ್ಲಿ ಭಾರ ಬಿದ್ದಾಗ ರಾಡು ಕೊಳವೆಯ ಬಾಯಿಗೆ ಓರೆಯಾಗಿ ಒತ್ತಿಕೊಂಡು ಬಿಗಿದುಬಿಡುತ್ತದೆ. ಅದನ್ನು ಬಿಡಿಸಲು ಒಂದು ಕೈಯಿಂದ ಕೊಳವೆ ಹಿಡಿದು, ಇನ್ನೊಂದು ಕೈಯಿಂದ ರಾಡನ್ನು ನೇರ ಮಾಡಿ ಎಳೆಯಬೇಕು. ಎರಡು ಕೈ ಇದ್ದವರಿಗೆ ಹೋಲ್ಡರ್ ಯಾಕೆ ಬೇಕು? ಅದನ್ನು ಹಾಗೇ ವಾಪಸ್ ಕಳಿಸಿದೆ.

ಎರಡನೆಯದು ತೊಟ್ಟಿಲಿನಂಥದು. ಮುಂದೆ ಒಂದು ಅರೆಬಳೆ, ಹಿಂದೆ ರಾಡಿನ ಹಿಡಿ ಸಿಕ್ಕಿಕೊಳ್ಳಲು ಒಂದು ತುಟಿ. ಓರೆ ಹೆಚ್ಚು ಕಡಿಮೆ ಮಾಡಿಕೊಳ್ಳಲು ಹಲ್ಲುಚಕ್ರ ಬೇರೆ. ಇದರಲ್ಲಿ ಮರಳಿನ ಚೀಲ ಎಷ್ಟೇ ಜಗ್ಗಿದರೂ ಯಜಮಾನರು ರಾಡನ್ನು ಎಡಗೈಯಲ್ಲಿ ಸಲೀಸಾಗಿ ಮೇಲೆತ್ತಿಬಿಟ್ಟರು. ಅವರ ಮುಖ ಅರಳಿತು. ನಾನು ಚಪ್ಪಾಳೆ ತಟ್ಟಿದೆ. ನನ್ನ ಪ್ರಕಾರ ಕೆಲಸ ಮುಗಿದಿತ್ತು.

ಊರಾಚೆಯ ಕೆರೆಯ ಮೀನಿನ ಗುತ್ತಿಗೆ ಯಜಮಾನರ ಹಳೆಯ ಸ್ನೇಹಿತರಾದ ಅದೇ ದೋಣಿಯವರದು. ಅವರಲ್ಲಿ ಹರಿಗೋಲೂ ಇತ್ತು, ಚಪ್ಪಟೆ ತಳದ ಫೈಬರ್ ದೋಣಿಯೂ ಇತ್ತು. ಯಜಮಾನರ ಕಣ್ಣು ಹರಿಗೋಲಿನ ಮೇಲೆ. ದುಂಡನೆಯ ಹರಿಗೋಲಿಗೆ ಹೋಲ್ಡರ್ ಬಿಗಿದರೆ ಮೀನು ಎಳೆದತ್ತ ಹರಿಗೋಲೇ ಗಿರಗಿರನೆ ತಿರುಗುತ್ತದೆ, ಸಾಧ್ಯವೇ ಇಲ್ಲ ಎಂದೆ. "ಮೇಡಮ್ನೋರು ಏಳಿದ್ದೇ ಸರಿ ಸಾವ್ಕಾರ್ರೆ," ಎಂದು ದೋಣಿಯವರು ಫೈಬರ್ ದೋಣಿಗೇ ತೂತು ಕೊರೆಯಲು ಒಪ್ಪಿದರು. ನಾನು ಕೇಳಲು ಹೆದರಿದ್ದ ಕೆಲಸಕ್ಕೆ ಅವರೇ ಡ್ರಿಲ್ ತಂದರು. ಬೆನ್ನಿಗೆ ಆಸರೆಯಿರಲೆಂದು ಪ್ಲಾಸ್ಟಿಕ್ ಕುರ್ಚಿಯೊಂದರ ಕಾಲು ಕೊಯ್ದು ಅಡ್ಡಹಲಗೆಗೆ ಬೋಲ್ಟ್ ಹಾಕಿದೆವು. ಅದರ ಎಡಪಕ್ಕದ ಅಂಚಿಗೆ ಹೋಲ್ಡರ್. ಯಜಮಾನರಿಗೆ ಲೈಫ್ ಜಾಕೆಟ್ ತೊಡಿಸಿ, ಅದರ ಬೆನ್ನಿನ ಪಟ್ಟಿಯನ್ನು ಹಿಡಿದುಕೊಂಡು ನಾನು ಹಿಂದೆ ಕೂತೆ.

ಗಾಳ ಎಸೆಯುವ ಕೆಲಸ ದೋಣಿಯವರದು. ಅದು ಯಜಮಾನರಿಗೆ ಇಷ್ಟವಾಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ನೀರುಕಾಗೆಯೊಂದು ಮುಳುಗಿ ಎದ್ದು ಮುಳುಗಿ ಎದ್ದು ನಮ್ಮನ್ನು ಅಣಕಿಸುತ್ತಿತ್ತು. ಆಮೇಲೆ ರಾಡಿನ ತುದಿ ಎರಡು ಸಲ ತಲೆಯಾಡಿಸಿ ಒಮ್ಮೆಲೇ ಬಾಗಿತು.

ಯಜಮಾನರು ಸೊಗಸಾಗಿ ರಾಡನ್ನು ತೊಟ್ಟಿಲಿನಿಂದ ಎತ್ತಿದರು. ಎತ್ತಿದ ಮೇಲೆ ಹಾಗೇ ಕೂತರು. ಇದ್ದ ಒಂದು ಕೈ ರಾಡು ಹಿಡಿದಿದೆ, ದಾರ ಸುತ್ತುವ ರೀಲಿನ ಹ್ಯಾಂಡಲ್ ತಿರುಗಿಸುವವರು ಯಾರು? ಮೇಜಿನ ಮೇಲೆ ಮರಳಿನ ಚೀಲ ಎತ್ತಿಸಿ ಚಪ್ಪಾಳೆ ತಟ್ಟಿದ ನನಗೆ ಇದು ಹೊಳೆದೇ ಇರಲಿಲ್ಲ. ಮರಳಿನ ಚೀಲವನ್ನು ಯಾರೂ ಸುತ್ತಿ ಎಳೆದುಕೊಳ್ಳಬೇಕಾಗಿರಲಿಲ್ಲವಲ್ಲ! ಅವರು ರಾಡನ್ನು ಮತ್ತೆ ತೊಟ್ಟಿಲಿಗೆ ಇಡಲು ಹೋದರು, ಗುರಿ ತಪ್ಪಿತು, ರಾಡು ಅಂಚಿನಿಂದ ಜಾರಿತು. ಹಿಡಿಯಲು ಅವರು ಬಾಗಿದರು, ದೋಣಿ ಓಲಾಡಿತು. ನಾನು ಪಟ್ಟಿಯನ್ನು ಎರಡೂ ಕೈಯಲ್ಲಿ ಜಗ್ಗಿದೆ.

"ಇಡ್ಕಳಿ, ಇಡ್ಕಳಿ!" ಎಂದು ಕೂಗುತ್ತ ದೋಣಿಯವರು ನೀರಿಗೆ ಅರ್ಧ ಇಳಿದಿದ್ದ ರಾಡನ್ನು ಎಳೆದುಕೊಂಡರು. ಮೀನು ಹೋಗಿತ್ತು. ದೋಣಿ ನಿಂತ ಮೇಲೂ ನಾನು ಪಟ್ಟಿ ಬಿಡಲಿಲ್ಲ.

ಯಜಮಾನರು ಹಿಂದೆ ತಿರುಗಿ ನನ್ನನ್ನು ನೋಡಿದರು. ಮುಖ ಕೆಂಪಾಗಿತ್ತು. ಎಡಗೈಯಿಂದ ಹೊಟ್ಟೆಯನ್ನು ತಟ್ಟಿಕೊಂಡು, ಬಹಳ ಕಷ್ಟಪಟ್ಟು ಹೇಳಿದರು: "ಬುಡ... ಇಲ್ಲಿ. ಬುಡ."

ಬಾಲ ಅಂಟಿಸುವುದರಲ್ಲಿ ಗಟ್ಟಿಗಿತ್ತಿಯಲ್ಲವೆ ನಾನು? ಅಂಟಿಸಿದೆ. ಬುಡು, ಇಲ್ಲಿಗೆ ಬುಡು. ಸಾಕಾಯಿತು, ಹೊಟ್ಟೆ ತೊಳಸುತ್ತಿದೆ, ಇಲ್ಲಿಗೆ ಬಿಟ್ಟುಬಿಡು ಎನ್ನುತ್ತಿದ್ದಾರೆ.

"ಆಯ್ತು ಸರ್, ಬುಟ್ಬುಡೋಣ," ಎಂದೆ. ಅವರು ತಲೆಯನ್ನು ಜೋರಾಗಿ ಆಡಿಸಿ ಮತ್ತೆ ಅದನ್ನೇ ಹೇಳಿದರು. ನಾನು ಮತ್ತೆ ಸಮಾಧಾನ ಮಾಡಿದೆ. ಮೂರನೆಯ ಸಲಕ್ಕೆ ಅವರು ಬಾಯಿ ಮುಚ್ಚಿಕೊಂಡರು. ದಡದವರೆಗೆ ತಿರುಗಿ ನೋಡಲಿಲ್ಲ.

ಮನೆಗೆ ಕರೆತಂದು, "ಅವರೇ ಬೇಡ ಅಂದ್ರು ಅಮ್ಮ. ಬುಡು ಅಂದ್ರು," ಎಂದು ವರದಿ ಒಪ್ಪಿಸಿದೆ. ಅಮ್ಮನಿಗೆ ನಿರಾಳವಾಗುತ್ತದೆ ಎಂದುಕೊಂಡಿದ್ದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವ್ರೇ ಬುಡು ಅಂದ್ರಾ?" ಎಂದು ಇನ್ನೊಮ್ಮೆ ಕೇಳಿದರು. ಆ ವಾರವೇ ರಾಡುಗಳು ಗೋಡೆಯಿಂದ ಇಳಿದು ಒಂದು ಗೋಣಿಚೀಲ ಸೇರಿದವು. ಅಂಗಡಿಯದೇ ಚೀಲ, ಅಂಗಡಿಯದೇ ಹುರಿ. ದೋಣಿಯವರಿಗೆ ಬಂದು ತೆಗೆದುಕೊಂಡು ಹೋಗಿ ಎಂದು ಫೋನ್ ಹೋಯಿತು. ಅವರು ಮನೆಯಲ್ಲಿ ಇಡಲು ಜಾಗ ಇಲ್ಲ, ನೆಂಟರು ಬಂದಿದ್ದಾರೆ, ಬೈಕ್ ಕೆಟ್ಟಿದೆ ಎಂದು ಒಂದಲ್ಲ ಒಂದು ನೆಪ ಹೇಳುತ್ತಲೇ ಇದ್ದರು.

ಯಜಮಾನರು ಕೇಂದ್ರಕ್ಕೆ ಬರುವುದನ್ನು ನಿಲ್ಲಿಸಿದರು. ನಾನೇ ಅವರ ಮನೆಗೆ ಹೋದರೆ ಗೋಡೆಯ ಖಾಲಿ ಮೊಳೆಗಳತ್ತ ಮುಖ ಮಾಡಿ ಕೂತಿರುತ್ತಿದ್ದರು. ಪೆನ್ನು ಕೊಟ್ಟರೆ ಮುರಿಯುವಂತೆ ಕೆಳಗೆ ಹಾಕುತ್ತಿದ್ದರು. ಸೋತು ಸುಮ್ಮನಾದವರ ಮೌನ ನನಗೆ ಗೊತ್ತು. ಇದು ಕೋಪ. ಯಾರ ಮೇಲೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಹೀಗೇ ಒಂದು ಬೆಳಿಗ್ಗೆ ಅಂಗಡಿಯ ಮೇಲಿನ ಆ ಮನೆಗೆ ಹೋದಾಗ ಅಮ್ಮ ನಡುಮನೆಯಲ್ಲಿ ಈಳಿಗೆಮಣೆ ಹಾಕಿಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಮಾರುದ್ದದ ದಪ್ಪ ದಂಟು. ಯಜಮಾನರು ಎಂದಿನಂತೆ ಗೋಡೆಯ ಕಡೆ ತಿರುಗಿದ್ದರು. ನಾನು ಸುಮ್ಮನೆ ಕೂರಲಾರದೆ ಸೊಪ್ಪು ಬಿಡಿಸಲು ಕೈಹಾಕಿದೆ.

"ಬುಡ ಇನ್ನೊಸಿ ಜಾಸ್ತಿ ತೆಗೀರಮ್ಮ," ಎಂದರು ಅಮ್ಮ. "ಬುಡದಲ್ಲೇ ಮಣ್ಣಿರದು."

ಗೋಡೆಯ ಕಡೆಯಿಂದ ಕುರ್ಚಿ ಕಿರುಗುಟ್ಟಿತು. ಯಜಮಾನರು ಎದ್ದಿದ್ದರು. ಕೋಲನ್ನೂ ಹಿಡಿಯದೆ ಗೋಡೆ ಸವರಿಕೊಂಡು ಬಂದರು. ನನ್ನ ಕೈಯಲ್ಲಿದ್ದ ದಂಟನ್ನು ಕಿತ್ತುಕೊಂಡು, ಅದರ ಬೇರಿನ ಕಡೆಯನ್ನು ನನ್ನ ಮುಖಕ್ಕೆ ಹಿಡಿದು ಅಲ್ಲಾಡಿಸಿದರು. ಮಣ್ಣು ನನ್ನ ಕನ್ನಡಕದ ಮೇಲೆ ಉದುರಿತು.

"ಬುಡ!" ಎಂದರು.

ಆಮೇಲೆ ಆ ಬೇರಿನ ತುದಿಯನ್ನು ತಮ್ಮ ಹೊಟ್ಟೆಗೆ ಊರಿಕೊಂಡು, ದಂಟನ್ನು ಮುಂದಕ್ಕೆ ಚಾಚಿ ಹಿಡಿದರು. ತುದಿಯ ಎಲೆಗಳು ನೀರಿನ ಮೇಲೆ ಬಾಗಿದ ರಾಡಿನ ಹಾಗೆ ತೂಗಾಡಿದವು. "ಬುಡ. ಇಲ್ಲಿ. ಬುಡ ಇಲ್ಲಿ!"

ಬುಡು ಅಲ್ಲ, ಬುಡ. ಆ ಪದಕ್ಕೆ ಬಾಲ ಇರಲೇ ಇಲ್ಲ, ಅದು ಪೂರ್ತಿಯಾಗಿಯೇ ಬಂದಿತ್ತು. ರಾಡಿನ ಹಿಂದಿನ ತುದಿಯನ್ನು ನಾನು ಮೊದಲಿನಿಂದ "ಹಿಡಿ" ಎನ್ನುತ್ತಿದ್ದೆ, ಅವರು ಅದನ್ನು ಬುಡ ಎನ್ನುತ್ತಿದ್ದರು. ರಾಡಿನ ಬುಡ ದೋಣಿಯ ಅಂಚಿನಲ್ಲಿರಬಾರದು, ನನ್ನ ಹೊಟ್ಟೆಯ ಹತ್ತಿರ ಬರಬೇಕು ಎಂದು ಅವರು ದೋಣಿಯಲ್ಲೇ ಮೂರು ಸಲ ಹೇಳಿದ್ದರು. ನನ್ನ ಜಾಗದಲ್ಲಿ ಧಾರವಾಡದವರೋ ಮಂಗಳೂರಿನವರೋ ಇದ್ದಿದ್ದರೆ ಸರಿಯಾಗಿಯೇ ಕೇಳಿಸಿಕೊಳ್ಳುತ್ತಿದ್ದರು. ದಿನಕ್ಕೆ ನೂರು ಸಲ ಬುಡು ಬುಡು ಎನ್ನುವ ಊರಿನಲ್ಲಿ ಹುಟ್ಟಿದ ನನಗೆ ಮಾತ್ರ ಇಂಥ ಎಡವಟ್ಟು ಸಾಧ್ಯ.

"ಅಯ್ಯೋ ಸರ್, ರಾಡಿನ ಬುಡವಾ?" ಎಂದೆ. ಅವರು ಎಡಗೈಯಿಂದ ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ನಗತೊಡಗಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಅಮ್ಮ ಈಳಿಗೆಮಣೆಯ ಮೇಲೆ ಕೈ ಇಟ್ಟುಕೊಂಡು ಇಬ್ಬರನ್ನೂ ಪಿಳಿಪಿಳಿ ನೋಡಿದರು. ನಾನು ಬಿಡಿಸಿ ಹೇಳಿದೆ.

"ಅಂದ್ರೆ ಇವ್ರು ಬುಡು ಅಂದೇ ಇಲ್ವಾ?" ಎಂದರು ಅಮ್ಮ. ಎದ್ದು ಹೋಗಿ, ಬಾಗಿಲ ಹಿಂದಿದ್ದ ಗೋಣಿಚೀಲದ ಹುರಿಯನ್ನು ಬಿಚ್ಚಿದರು.

ಬುಡ ಹೊಟ್ಟೆಯ ಹತ್ತಿರ ಬಂದರೆ ಲೆಕ್ಕವೇ ಬದಲಾಗುತ್ತದೆ. ಯಜಮಾನರನ್ನು ಕೂರಿಸಿಕೊಂಡು ಒಂದು ಬರಿಯ ರಾಡಿನಲ್ಲಿ ಮೊದಲು ಹೇಗೆ ಮೀನು ಹಿಡಿಯುತ್ತಿದ್ದಿರಿ ತೋರಿಸಿ ಎಂದೆ. ಈ ಪ್ರಶ್ನೆಯನ್ನು ಮೊದಲೇ ಕೇಳಬೇಕಿತ್ತು. ಅವರು ಬುಡವನ್ನು ಹೊಟ್ಟೆಗೆ ಊರಿ, ಎಡಗೈಯಿಂದ ರೀಲು ತಿರುಗಿಸುವಂತೆ ತೋರಿಸಿದರು. ರೀಲು ತಿರುಗಿಸುವುದು ಮೊದಲಿನಿಂದಲೂ ಅವರ ಎಡಗೈಯ ಕೆಲಸ. ರಾಡನ್ನು ಹಿಡಿದು ಎತ್ತುತ್ತಿದ್ದದ್ದು ಬಲಗೈ. ನಾನು ಬಲಗೈಯನ್ನು ಲೆಕ್ಕದಿಂದಲೇ ತೆಗೆದುಹಾಕಿ, ಎಡಗೈಗೆ ಅದರ ಕೆಲಸ ಕೊಟ್ಟು ಕೆಡಿಸಿದ್ದೆ.

ಆಗ ನಾನೊಂದು ತೀರ್ಮಾನಕ್ಕೆ ಬಂದೆ. ಬಲಗೈಯನ್ನು ಕೆಲಸಕ್ಕೆ ಕರೆಯುವುದು. ಅದರ ಬೆರಳುಗಳಿಗೆ ಬಿಚ್ಚಲು ಬಾರದು, ಆದರೆ ಇಲ್ಲಿ ಬಿಚ್ಚುವುದು ಬೇಕಿಲ್ಲವಲ್ಲ. ಎಡಗೈಯಿಂದ ಆ ಬೆರಳುಗಳನ್ನು ತೆರೆದು ರಾಡಿನ ಸುತ್ತ ಕೂರಿಸಿಬಿಟ್ಟರೆ ಮುಷ್ಟಿ ತಾನಾಗಿ ಬಿಗಿಯುತ್ತದೆ, ಮೀನು ಎಳೆದಷ್ಟೂ ಇನ್ನಷ್ಟು ಬಿಗಿಯುತ್ತದೆ. ಮೊಣಕೈ ಮಡಚುತ್ತದೆ, ಅಂದರೆ ರಾಡು ಮೇಲೇಳುತ್ತದೆ. ಕೇಂದ್ರದಲ್ಲಿ ನಾವು ದಿನವೂ ಬಡಿದಾಡುವ ಬಿಗಿತವೇ ನೀರಿನ ಮೇಲೆ ಉಪಯೋಗಕ್ಕೆ ಬರಬಹುದು. ಇದನ್ನು ಹೇಳಿದಾಗ ಯಜಮಾನರು ಎಷ್ಟೋ ದಿನಗಳ ಮೇಲೆ ತಮ್ಮ ಬಲಗೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಸರಿಯಾಗಿ ನೋಡಿದರು.

ಇನ್ನು ಬೇಕಾದದ್ದು ಬುಡಕ್ಕೊಂದು ಮನೆ. ಇದು ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ. ಅದೇ ಮೊಹಲ್ಲಾದಲ್ಲಿ, ಎರಡು ಗಲ್ಲಿ ಆಚೆ ಗ್ರಿಲ್ ಮಾಡುವ ವೆಲ್ಡಿಂಗ್ ಭಾಯಿ ಇದ್ದರು. ಕುರ್ಚಿಯ ಮುಂದೆ, ಎರಡು ತೊಡೆಗಳ ನಡುವೆ ಒಂದು ಗೂಟ ನಿಲ್ಲಬೇಕು. ಗೂಟದ ತಲೆಯಲ್ಲಿ ಬಟ್ಟಲು, ಬಟ್ಟಲಿನಲ್ಲಿ ಅಡ್ಡಕ್ಕೆ ಒಂದು ಪಿನ್ನು. ರಾಡಿನ ಬುಡಕ್ಕೆ ಸೀಳಿರುವ ಟೊಪ್ಪಿ ಹಾಕಿದರೆ ಸೀಳು ಪಿನ್ನಿನ ಮೇಲೆ ಕೂರುತ್ತದೆ. ಸೀಳು ಹಿಡಿದುಕೊಳ್ಳುವುದರಿಂದ ರಾಡು ಮೇಲೆ ಕೆಳಗೆ ಆಡುತ್ತದೆ, ಹೊರಳುವುದಿಲ್ಲ. ಮೀನು ಕಚ್ಚುವ ತನಕ ರಾಡು ಒರಗಿಕೊಳ್ಳಲು ಮುಂದೆ ಒಂದು ಕವೆ.

"ಅಂದ್ರೆ ಫಿರಂಗಿ ತೋಪು ಇದ್ದಂಗೆ ಮೇಡಂ! ಮಾಡ್ಬುಡೋಣ," ಎಂದರು ಭಾಯಿ.

ಮಾಡಿದರು, ನೋಡಲು ಚೆನ್ನಾಗಿಯೂ ಇತ್ತು. ರಾಡು ಕೂರಿಸಿದರೆ ರೀಲು ಮಗ್ಗುಲಾಗಿ ಮಲಗಿತು. ರಾಡಿನ ಕೆಳಗೆ ನೇತಾಡಬೇಕಾದ ರೀಲು ಅದು. ಸೀಳನ್ನು ಯಾವ ದಿಕ್ಕಿಗೆ ಕೊಯ್ಯಬೇಕೆಂದು ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. "ನಿಮ್ದೂ ಮಿಷ್ಟೇಕು, ನಮ್ದೂ ಮಿಷ್ಟೇಕು, ಬರೋಬ್ಬರಿ," ಎಂದು ಹೊಸ ಟೊಪ್ಪಿ ಕೊಯ್ದರು. ಈ ಸಲ ಯಜಮಾನರೇ ಎದುರು ಸ್ಟೂಲ್ ಹಾಕಿಕೊಂಡು ಕೂತು, ರೀಲು ಕೂರಿಸಿದ ರಾಡನ್ನು ಹಿಡಿದು ಗುರುತು ತೋರಿಸಿದರು. ಬಟ್ಟಲಿಗೆ ಸೈಕಲ್ ಟ್ಯೂಬು ಒಳಹಾಸಾಯಿತು. ರಾಡು ಕೈತಪ್ಪಿದರೂ ನೀರಿಗೆ ಹೋಗದಂತೆ ಗೂಟಕ್ಕೆ ಕಟ್ಟಲು ಯಜಮಾನರು ತಮ್ಮ ಅಂಗಡಿಯಿಂದಲೇ ಒಂದು ನೈಲಾನ್ ಹುರಿ ಆರಿಸಿಕೊಟ್ಟರು. ನಾನು ತೋರಿಸಿದ ಹಗ್ಗಗಳನ್ನೆಲ್ಲ ಮೂಗು ಮುರಿದು ಪಕ್ಕಕ್ಕೆ ಸರಿಸಿದ ಮೇಲೆ.

ಹೋಗುವ ದಿನ ಅಮ್ಮನೂ ಹೊರಟರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಆ ಕೆರೆಯನ್ನು ನೋಡಿಯೇ ಇರಲಿಲ್ಲ. ಟಿಫಿನ್ ಡಬ್ಬಿಯಲ್ಲಿ ಮುದ್ದೆ ಇತ್ತು. "ನಮಗಲ್ಲ, ಮೀನಿಗೆ," ಎಂದು ಡಬ್ಬಿಯನ್ನು ದೋಣಿಯವರ ಕೈಗಿಟ್ಟು ಹುಣಸೆಮರದ ನೆರಳಿನಲ್ಲಿ ನಿಂತರು. ಕೂರಲಿಲ್ಲ. ನಾವು ದೋಣಿ ತಳ್ಳುವಾಗ ಅವರ ತುಟಿ ಅಲ್ಲಾಡುತ್ತಿತ್ತು, ಶಿವ ಶಿವ ಎನ್ನುತ್ತಿದ್ದರೆಂದು ಕಾಣುತ್ತದೆ.

ಮೊದಲ ಸಲ ತುದಿ ಬಾಗಿದಾಗ ಯಜಮಾನರು ಬಲಗೈಯನ್ನು ರಾಡಿಗೆ ಕೂರಿಸುವಷ್ಟರಲ್ಲಿ ಮೀನು ಮುದ್ದೆ ತಿಂದು ಹೋಗಿತ್ತು. ನಾನು ಬೆನ್ನಿನ ಪಟ್ಟಿಯನ್ನು ಬಿಗಿಹಿಡಿದೆ. ಅವರು ಮಾತ್ರ ಶಾಂತವಾಗಿ ಹೊಸ ಉಂಡೆಗೆ ಕೈ ಚಾಚಿದರು. ಆಮೇಲೆ ಬಲಗೈಯನ್ನು ಮೊದಲೇ ರಾಡಿನ ಮೇಲೆ ಕೂರಿಸಿಕೊಂಡು ಕಾದರು.

ಎರಡನೆಯದು ಬಂತು. ರಾಡು ಕವೆಯಿಂದ ಎದ್ದು ಬಿಲ್ಲಿನಂತೆ ಬಾಗಿತು. ಬುಡ ಬಟ್ಟಲಿನಲ್ಲಿ ಗಟ್ಟಿಯಾಗಿ ಕೂತಿತ್ತು. ಮುಷ್ಟಿ ಬಿಗಿಯಿತು, ಮೊಣಕೈ ಮಡಚಿತು, ರಾಡು ಮೇಲೆದ್ದಿತು. ಎಡಗೈ ಹ್ಯಾಂಡಲ್ ಹುಡುಕಿಕೊಂಡು ತಿರುಗಿಸತೊಡಗಿತು. ಮೀನು ದೋಣಿಯ ಅಡಿಗೆ ನುಗ್ಗಿದಾಗ ದೋಣಿಯವರು ಹುಟ್ಟು ಹಾಕಿ ದೋಣಿಯನ್ನೇ ತಿರುಗಿಸಿಕೊಟ್ಟರು. "ಅಂಗೇ ಸಾವ್ಕಾರ್ರೆ, ಅಂಗೇ! ಇಡೀರಿ, ಸಡ್ಲ ಬುಡಬ್ಯಾಡಿ!" ಎಂದು ಕೂಗುತ್ತಿದ್ದರು. ನಾನು ಬೆನ್ನಿನ ಪಟ್ಟಿ ಹಿಡಿದುಕೊಂಡಿದ್ದೆ, ಅಷ್ಟೇ. ಮಾಡಲು ನನಗೆ ಬೇರೇನೂ ಇರಲಿಲ್ಲ. ನಮ್ಮ ಕೆಲಸದಲ್ಲಿ ಅದಕ್ಕಿಂತ ಸಂತೋಷದ ಗಳಿಗೆ ಇನ್ನೊಂದಿಲ್ಲ.

ಕಡೆಗೆ ದೋಣಿಯ ಪಕ್ಕದಲ್ಲಿ ಹೊನ್ನಿನ ಬಣ್ಣದ ದಪ್ಪ ಗೆಂಡೆ ಮೀನೊಂದು ಮಗ್ಗುಲಾಯಿತು. ದೋಣಿಯವರು ಬಲೆಯ ಚೀಲವನ್ನು ಅದರ ಕೆಳಗೆ ಹಿಡಿದರು, ನೀರಿನಿಂದ ಎತ್ತಲಿಲ್ಲ. ಯಜಮಾನರ ಪದ್ಧತಿ ಅವರಿಗೆ ಗೊತ್ತಿತ್ತು. ಗಾಳ ಬಿಡಿಸಿ ಮೀನು ಬಿಡುವುದು ಯಜಮಾನರದೇ ಕೆಲಸ, ಅದನ್ನು ಅವರು ಯಾರಿಗೂ ಕೊಟ್ಟವರಲ್ಲ. ಆದರೆ ಬಲಗೈ ರಾಡನ್ನು ಬಿಡುತ್ತಿಲ್ಲ. ಇಷ್ಟು ಶ್ರಮದ ನಂತರ ಮುಷ್ಟಿ ಕಲ್ಲಾಗಿತ್ತು, ಅದು ಬಿಡದೆ ಅವರು ಮೀನಿನ ಕಡೆ ಬಾಗುವಂತಿರಲಿಲ್ಲ. ಗೆಂಡೆ ಬಲೆಯಲ್ಲಿ ಬಾಯಿ ಬಿಡುತ್ತಿತ್ತು.

"ನಾನು ಬಿಡಿಸ್ಲಾ ಸರ್?" ಎಂದು ಮುಂದೆ ಬಾಗಿದೆ. ಅವರು ತಲೆಯಾಡಿಸಿ ಬೇಡ ಎಂದರು.

ತಮ್ಮ ಬಲಗೈಯನ್ನು ನೋಡಿದರು. ಎಡಗೈಯಿಂದ ಅದರ ಮಣಿಕಟ್ಟನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದರು. ನಾನು ತಿಂಗಳುಗಟ್ಟಲೆ ಹೇಳಿಕೊಟ್ಟು, ಅವರು ಕಿಟಕಿಯ ಕಡೆ ತಿರುಗಿ ಕೂತು ಕೇಳಿಸಿಕೊಳ್ಳದ ಹಾಗೆ ನಟಿಸಿದ್ದ ಅದೇ ಉಪಾಯ. ಬಗ್ಗಿಸುತ್ತ, ಹಟ ಹಿಡಿದ ಮಗುವಿಗೆ ಹೇಳುವಂತೆ ಆ ಕೈಗೆ ಹೇಳಿದರು:

"ಬುಡು."

ಕೊನೆಯ ಉಕಾರ ತುಟಿ ಮುಂದೆ ಮಾಡಿ, ದುಂಡಗೆ, ಪೂರ್ತಿಯಾಗಿ ಬಂತು. ಈ ಸಲ ನಾನು ಏನನ್ನೂ ಅಂಟಿಸಬೇಕಾಗಲಿಲ್ಲ. ಬೆರಳುಗಳು ಒಂದೊಂದಾಗಿ ಸಡಿಲವಾದವು. ಅವರು ಎಡಗೈಯನ್ನು ನೀರಿನಲ್ಲಿ ಅದ್ದಿ, ಗೆಂಡೆಯ ತುಟಿಯಿಂದ ಗಾಳ ಜಾರಿಸಿ, ಅದನ್ನು ಒಂದು ಗಳಿಗೆ ನೋಡಿದರು. ದೋಣಿಯವರು ಬಲೆಯನ್ನು ತಗ್ಗಿಸಿದರು. ಮೀನು ಬಾಲ ಬೀಸಿ ನಮ್ಮೆಲ್ಲರ ಮುಖಕ್ಕೆ ನೀರು ಎರಚಿ ಹೋಯಿತು.

ದೋಣಿ ದಡ ಮುಟ್ಟುವ ಮೊದಲೇ ಅಮ್ಮ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದು ಬಂದಿದ್ದರು.

"ಸಿಕ್ತಾ?" ಎಂದು ಕೂಗಿದರು. ಕೇಳಿದ್ದು ನನ್ನನ್ನಲ್ಲ, ದೋಣಿಯವರನ್ನೂ ಅಲ್ಲ.

ಯಜಮಾನರು ಕುರ್ಚಿಯಲ್ಲಿ ನೆಟ್ಟಗೆ ಕೂತು ಉಸಿರೆಳೆದುಕೊಂಡರು.

"ಬುಟ್ಟೆ... ಕಣೇ," ಎಂದರು.

ಅಮ್ಮ ಕೈ ಚಾಚಿ ಅವರನ್ನು ಇಳಿಸಿಕೊಳ್ಳುತ್ತ, "ಅಲ್ಲ ರೀ, ಹಿಡಿಯೋದ್ಯಾಕೆ, ಬುಡೋದ್ಯಾಕೆ?" ಎಂದರು. ಸೆರಗಿನಿಂದ ಮೂಗು ಒರೆಸಿಕೊಂಡು, ದೋಣಿಯಲ್ಲಿದ್ದ ಖಾಲಿ ಡಬ್ಬಿಯನ್ನು ಎತ್ತಿಕೊಂಡು ಕೇಳಿದರು:

"ಬರೋ ಭಾನ್ವಾರಕ್ಕೂ ಮುದ್ದೆ ಕಟ್ಬೇಕಾ?"